ಬಿಸಿಲಿನೊಳಗಿನ ಚುಕ್ಕೆ

ಬನ್ನಿ, ಈ ಪುಟ್ಟ ಸೆಸ್ನಾದ ಎಡಸೀಟಿನಲ್ಲಿ ಕುಳಿತುಕೊಳ್ಳಿ. ಪೈಲಟ್ ನೀವೇ. ಹುಬ್ಬಳ್ಳಿ ಬಿಟ್ಟು ಕುಮಟೆಯ ಕಡಲಿನತ್ತ ಹೊರಟಿದ್ದೀರಿ. ಚಳಿಗಾಲದ ಸಂಜೆ. ಎಂಜಿನ್ನಿನ ನಡುಕ ಸೀಟಿನಿಂದ ಬೆನ್ನಿಗೆ ಏರುತ್ತಿದೆ; ಮೂಗಿಗೆ ಪೆಟ್ರೋಲು, ಕಾದ ಎಣ್ಣೆಯ ವಾಸನೆ. ಕೆಳಗೆ ಸೋಂದೆಯ ಕಾಡು, ಸ್ವರ್ಣವಲ್ಲಿ ಮಠದ ಆಸುಪಾಸಿನ ಅಡಿಕೆ ತೋಟಗಳು, ಆಚೆ ಮಿನುಗುವ ಶಾಲ್ಮಲಾ. ನೋಡುತ್ತಲೇ ಇರಬೇಕೆನಿಸುತ್ತದೆ. ಬೇಡ, ತಲೆ ಎತ್ತಿ. ಇಳಿಬಿಸಿಲು ಗಾಜಿಗೆ ಬಡಿದು ಕಣ್ಣು ಕುಕ್ಕುತ್ತಿದೆ. ಗುಡ್ಡಗಳ ಮರೆಯಲ್ಲಿ ಇಷ್ಟು ತಗ್ಗಿನಲ್ಲಿ ಹಾರುವಾಗ ದೂರದ ರೇಡಾರ್ ನಿಮ್ಮನ್ನು ಕಾಣುತ್ತದೆಂಬ ಭರವಸೆಯಿಲ್ಲ.

ಆ ಬೆಳಕಿನೊಳಗಿಂದ ಇನ್ನೊಂದು ವಿಮಾನ ಬರುತ್ತಿದೆ.

ಇಬ್ಬರದೂ ಗಂಟೆಗೆ 180 ಕಿ.ಮೀ. ವೇಗ. ನಡುವಿನ ದೂರ ಸೆಕೆಂಡಿಗೆ 100 ಮೀಟರಿನಂತೆ ಕರಗುತ್ತಿದೆ. ಕಂಡು, ಗುರುತಿಸಿ, ನಿರ್ಧರಿಸಿ, ವಿಮಾನ ಹೊರಳಲು 12.5 ಸೆಕೆಂಡು ಬೇಕೆಂಬುದು ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕ. ಡಿಕ್ಕಿಯ ದಾರಿಯಲ್ಲಿರುವ ವಿಮಾನವೋ ಗಾಜಿನ ಮೇಲೆ ಅಲುಗದ ಚುಕ್ಕೆ. ಅಲುಗದ್ದನ್ನು ಕಣ್ಣು ಸುಲಭವಾಗಿ ಹಿಡಿಯುವುದಿಲ್ಲ.

ಪಕ್ಕದ ಕಿಟಕಿಗೆ ಕವಳದ ಡಬ್ಬಿಯಷ್ಟಿನ ಪೆಟ್ಟಿಗೆಯೊಂದು ಅಂಟಿಕೊಂಡಿದೆ. ಜಿಪಿಎಸ್‌ನಿಂದ ತಾನಿರುವ ಜಾಗ ತಿಳಿದು, ಎತ್ತರವನ್ನೂ ಗುರುತನ್ನೂ ಸೇರಿಸಿ, 1090 ಮೆಗಾಹರ್ಟ್ಸ್‌ನಲ್ಲಿ ಅದು ಮತ್ತೆ ಮತ್ತೆ ಸಾರುತ್ತಿದೆ. ಬೇರೆಯವರು ಸಾರಿದ್ದನ್ನು ಕೇಳಿಸಿಕೊಳ್ಳುತ್ತಲೂ ಇದೆ. ಈಗ ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಲ್ಲಿ ಕೆಂಪು. ಕಿವಿಯಲ್ಲಿ ಎಚ್ಚರಿಕೆ: ನೇರ ಎದುರಿಗೆ, ಅದೇ ಎತ್ತರ, 4 ಕಿ.ಮೀ.

ನಲವತ್ತು ಸೆಕೆಂಡು. ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಕೆಳಗಿಳಿಯಲೇ? ಅಲ್ಲಿ ಗುಡ್ಡದ ನೆತ್ತಿ. ರಸ್ತೆಯ ರೂಢಿ ಎಡಕ್ಕೆ ಎಳೆಯುತ್ತದೆ. ಆಕಾಶದ ನಿಯಮ ಬೇರೆ: ಎದುರುಬದುರಾದರೆ ಇಬ್ಬರೂ ಬಲಕ್ಕೆ. ಬಲಕ್ಕೆಂದರೆ ಸೂರ್ಯನತ್ತ, ಏನೂ ಕಾಣದ ಕಡೆಗೆ. ನಿಯಮವನ್ನೇ ನಂಬಿ. ಹೊರಳಿಸಿ. ರೆಕ್ಕೆ ವಾಲುತ್ತದೆ, ಹೊಟ್ಟೆ ತೊಳಸುತ್ತದೆ, ಬೆಲ್ಟು ಭುಜ ಕಚ್ಚುತ್ತದೆ. ಎಡಗಡೆ, ಸಾಕಷ್ಟು ದೂರದಲ್ಲಿ, ಬಿಳಿ ರೆಕ್ಕೆಯೊಂದು ಮಿಂಚಿ ಹಿಂದೆ ಸರಿಯುತ್ತದೆ. ಉಸಿರು ಬಿಡಿ.

ನೀವು ಉಳಿದದ್ದು ಅವರ ವಿಮಾನದಲ್ಲೂ ಪೆಟ್ಟಿಗೆ ಇದ್ದುದರಿಂದ. ಸಾರದವರನ್ನು ಅದು ತೋರಿಸಲಾರದು.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆಮೇಲೆ ನಮ್ಮಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ತಡೆಯುವ ಸಾಧನ ಕಡ್ಡಾಯವಾಯಿತು. ಆ ದುಬಾರಿ ಸಾಧನ ಪುಟ್ಟ ವಿಮಾನಕ್ಕೆ ಎಟಕುವಂಥದ್ದಲ್ಲ. ಸ್ವಿಟ್ಜರ್ಲೆಂಡಿನ ಗ್ಲೈಡರ್ ಪೈಲಟ್‌ಗಳು 2004ರಲ್ಲಿ ತಮಗಾಗಿಯೇ ‘ಫ್ಲಾರ್ಮ್’ ಎಂಬ ಡಿಕ್ಕಿ ಎಚ್ಚರಿಕೆಯ ಸಾಧನ ರೂಪಿಸಿಕೊಂಡರು. ಬ್ರಿಟನ್ 2020ರಲ್ಲಿ ಇಂಥ ಸಾಧನ ಕೊಳ್ಳುವವರಿಗೆ ಅರ್ಧ ಬೆಲೆಯನ್ನು, 250 ಪೌಂಡ್‌ವರೆಗೆ, ಮರಳಿಸತೊಡಗಿತು.

ಜಕ್ಕೂರಿನಲ್ಲಿ ಹಾರಲು ಕಲಿಯುವ ನಮ್ಮ ಮಕ್ಕಳ ನೆರೆಯಲ್ಲೇ ಯಲಹಂಕದ ವಾಯುನೆಲೆಯಿದೆ, ದೇವನಹಳ್ಳಿಯ ದಟ್ಟಣೆಯಿದೆ. ಹಾರುವ ಪ್ರತಿಯೊಂದು ಪುಟ್ಟ ವಿಮಾನಕ್ಕೂ ಗ್ಲೈಡರಿಗೂ ಈ ಪೆಟ್ಟಿಗೆ ಬರಲಿ. ಅದರ ಖರ್ಚಿಗೆ ಸರ್ಕಾರ ಹೆಗಲು ಕೊಡಲಿ.