ಸಾವರ್‌ನಲ್ಲಿ ತಯಾರಾಗುವ ಮಾತ್ರೆ

ಢಾಕಾದ ಗಾಬ್ತೋಲಿ ಬಸ್ ನಿಲ್ದಾಣ ಬಿಟ್ಟು ತುರಾಗ್ ನದಿಯ ಸೇತುವೆ ದಾಟಿದರೆ ಮಳೆಗಾಲದಲ್ಲಿ ಎರಡೂ ಬದಿಗೆ ನೀರು ನಿಲ್ಲುವ ತಗ್ಗು ನೆಲ. ಇನ್ನಷ್ಟು ಮುಂದೆ ಸಾವರ್. ಬಾಂಗ್ಲಾದೇಶಕ್ಕೆ ಬರುವ ಗಣ್ಯರನ್ನೆಲ್ಲ ಇಲ್ಲಿನ ರಾಷ್ಟ್ರೀಯ ಹುತಾತ್ಮರ ಸ್ಮಾರಕಕ್ಕೆ ಕರೆತರುತ್ತಾರೆ. ಏಳು ಜೋಡಿ ಗೋಡೆಗಳು 150 ಅಡಿ ಎತ್ತರಕ್ಕೆ ಚೂಪಾಗಿ ಏರಿ ನಿಂತ ಆ ಸ್ಮಾರಕ ಪೂರ್ಣಗೊಂಡದ್ದು 1982ರಲ್ಲಿ. ಅದೇ ವರ್ಷ ಈ ದೇಶ ಇನ್ನೊಂದು ಸಾಹಸಕ್ಕೂ ಕೈಹಾಕಿತು. ಅದರ ಬೇರು ಸ್ಮಾರಕಕ್ಕೆ ಸಮೀಪದಲ್ಲೇ ಇರುವ ಗಣಸ್ವಾಸ್ಥ್ಯ ಕೇಂದ್ರದಲ್ಲಿದೆ.

1971ರ ಯುದ್ಧದ ಸುದ್ದಿ ಕೇಳಿ ಇಂಗ್ಲೆಂಡಿನ ಶಸ್ತ್ರಚಿಕಿತ್ಸೆಯ ಓದನ್ನು ಅಲ್ಲಿಗೇ ಬಿಟ್ಟು ಬಂದವರು ಡಾ. ಜಫರುಲ್ಲಾ ಚೌಧರಿ. ತ್ರಿಪುರಾದಲ್ಲಿ ಬಿದಿರಿನ ಆಸ್ಪತ್ರೆ ಕಟ್ಟಿ, ಶುಶ್ರೂಷೆಯ ಗಂಧವೇ ಇಲ್ಲದ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿದರು. ಅದೇ ಪಾಠವನ್ನು 1972ರಲ್ಲಿ ಸಾವರ್‌ಗೆ ತಂದರು. ಹಳ್ಳಿ ಹುಡುಗಿಯರು ಸೈಕಲ್ ಏರಿ ಮನೆಮನೆಗೆ ಚಿಕಿತ್ಸೆ ಒಯ್ದರು. ಆದರೆ ಚೀಟಿ ಬರೆದುಕೊಟ್ಟರೆ ಸಾಕೆ? ಔಷಧ ಕೊಳ್ಳಲು ದುಡ್ಡು ಬೇಕಲ್ಲ! 1981ರಲ್ಲಿ ಕೇಂದ್ರ ತನ್ನದೇ ಔಷಧ ಕಾರ್ಖಾನೆ ತೆರೆಯಿತು.

ಆಗ ದೇಶದ ಔಷಧ ತಯಾರಿಕೆಯ ಸುಮಾರು ಮುಕ್ಕಾಲು ಪಾಲು ಎಂಟು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಅಂಗಡಿಯ ತುಂಬ ಟಾನಿಕ್ಕು, ಕೆಮ್ಮಿನ ಸಿರಪ್ಪು. 1982ರ ಜೂನ್‌ನಲ್ಲಿ ಎರ್ಷಾದರ ಸೈನಿಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ನಿರುಪಯುಕ್ತ ಅಥವಾ ಅಪಾಯಕಾರಿ ಎನಿಸಿದ ಸುಮಾರು 1,700 ಔಷಧಗಳನ್ನು ತೆಗೆದುಹಾಕಲು ಹೊರಟಿತು. ಅಗತ್ಯ ಔಷಧಗಳೆಂದು ಗುರುತಿಸಿದ್ದು 150. ವಿದೇಶಿ ಕಂಪನಿಗಳು ಆಮ್ಲಶಾಮಕ, ವಿಟಮಿನ್ ಮಾತ್ರೆಯಂಥ ಸುಲಭದ ಸರಕನ್ನು ಸ್ಥಳೀಯರಿಗೆ ಬಿಟ್ಟುಕೊಡಬೇಕಾಯಿತು. ಅಮೆರಿಕದ ರಾಯಭಾರ ಕಚೇರಿ ಒತ್ತಡ ತಂದಿತು. ದೇಶದ ವೈದ್ಯರ ಸಂಘವೂ ಮುನಿಸಿಕೊಂಡಿತು. ಬಂದೂಕು ಹಿಡಿದು ಗದ್ದುಗೆ ಏರಿದವನಿಂದ ಬಡವರ ಪರವಾದ ಇಂಥ ಕಾನೂನು ಬಂದದ್ದು ವಿಚಿತ್ರವೇ.

ಕಾನೂನಿನ ನೆರಳಲ್ಲಿ ಸ್ಥಳೀಯ ಕಂಪನಿಗಳು ಚಿಗುರಿದವು. 1958ರಲ್ಲಿ ಪಾಬ್ನಾ ಜಿಲ್ಲೆಯ ಆತಾಯ್‌ಕುಲಾದಲ್ಲಿ ನಾಲ್ವರು ಸ್ನೇಹಿತರು ಸೇರಿ ಕಟ್ಟಿದ ‘ಸ್ಕ್ವೇರ್’ ಇಂದು ಔಷಧದ ಜೊತೆ ಬಟ್ಟೆ, ಸೋಪು, ಮಸಾಲೆ ಪುಡಿಯನ್ನೂ ಮಾರುತ್ತದೆ. ಬಂಗಾಳಿ ಅಡುಗೆಮನೆಯ ‘ರಾಂಧುನಿ’ ಪೊಟ್ಟಣ ಅದರದ್ದೇ. ಸಾವರ್‌ನಲ್ಲೇ ಕಾರ್ಖಾನೆ ಇರುವ ‘ಇನ್ಸೆಪ್ಟಾ’ 2015ರಲ್ಲಿ, ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ ಸಾವಿರ ಡಾಲರ್ ಇದ್ದ ಹೆಪಟೈಟಿಸ್ ಸಿ ಔಷಧವನ್ನು ಅದರ ಸಣ್ಣದೊಂದು ಪಾಲಿನ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ದೇಶಕ್ಕೆ ಬೇಕಾದ ಔಷಧದ ಬಹುಪಾಲು ಈಗ ದೇಶದಲ್ಲೇ ತಯಾರಾಗುತ್ತದೆ.

ಆದರೆ ಕಾವಲು ಎಲ್ಲೆಡೆ ಬಿಗಿಯಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ವಿಷ ಬೆರೆತ ಪ್ಯಾರಾಸಿಟಮಾಲ್ ಸಿರಪ್ ಕುಡಿದ ಎಷ್ಟೋ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಇದೇ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹೆಚ್ಚಿನವರು ಸಿದ್ಧ ಉಡುಪು ಹೊಲಿಯುತ್ತಿದ್ದವರು. ಗೋಡೆಯ ಬಿರುಕು ಹಿಂದಿನ ದಿನವೇ ಕಂಡಿತ್ತು. ವಿದೇಶಿ ಕಂಪನಿಗೆ ‘ಬೇಡ’ ಎಂದ ದೇಶಕ್ಕೆ ಕಟ್ಟಡದ ಮಾಲೀಕನನ್ನು ತಡೆಯಲಾಗಲಿಲ್ಲ.

ಬಡ ದೇಶಗಳ ಪಟ್ಟಿಯಲ್ಲಿರುವವರಿಗೆ ವಿಶ್ವ ವ್ಯಾಪಾರ ಸಂಸ್ಥೆ ಔಷಧ ಪೇಟೆಂಟಿನಿಂದ 2033ರ ಆರಂಭದವರೆಗೆ ವಿನಾಯಿತಿ ಕೊಟ್ಟಿದೆ. ಆ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು 2021ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು 2026ರ ನವೆಂಬರ್. ಏಳಿಗೆಯ ಮುದ್ರೆ ಬಿದ್ದ ಕೂಡಲೇ ಬಡತನದ ರಿಯಾಯಿತಿ ಕಳಚುತ್ತದೆ. ಹಳೆಯ ಮಾತ್ರೆಗಳಿಗೆ ಭಯವಿಲ್ಲ, ಪೇಟೆಂಟಿನ ಹೊಸ ಔಷಧಗಳದ್ದೇ ಚಿಂತೆ. ಮೂಲ ರಾಸಾಯನಿಕಗಳು ಇನ್ನೂ ಹೆಚ್ಚಾಗಿ ಚೀನಾ ಮತ್ತು ಭಾರತದಿಂದಲೇ ಬರುತ್ತವೆ. ಅವನ್ನು ಇಲ್ಲೇ ತಯಾರಿಸಲೆಂದು ಢಾಕಾ–ಚಟ್ಟಗ್ರಾಮ ಹೆದ್ದಾರಿಯ ಗಜಾರಿಯಾದಲ್ಲಿ ಕೈಗಾರಿಕಾ ವಸಾಹತಿನ ಯೋಜನೆ 2008ರಲ್ಲೇ ಶುರುವಾಗಿ ಆಮೆಗತಿಯಲ್ಲಿ ಸಾಗಿತು.