ಲಕ್ಷದ್ವೀಪಕ್ಕೆ ಹೊರಡುವ ಮುನ್ನ

ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳಿರುವರು. ದೇಶ ಸುತ್ತುವ ಮೊದಲೇ ಒಂದಿಷ್ಟು ಕೋಶವನ್ನು ಓದಿಕೊಂಡರೆ ಸುತ್ತಾಟವು ಇನ್ನಷ್ಟು ಸಾರ್ಥಕವಾಗುವುದೆಂಬುದು ಈ ವರ್ಷ ನಮ್ಮ ಸಂಸಾರಕ್ಕೆ ಅನುಭವದಿಂದ ತಿಳಿದ ವಿಷಯ. ನಾವಿನ್ನೂ ಹೊರಟಿಲ್ಲ, ಗಂಟುಮೂಟೆ ಕಟ್ಟುವ ಕೆಲಸವೂ ಮುಗಿದಿಲ್ಲ. ಆದರೂ ಪ್ರಯಾಣದ ಅರ್ಧ ಭಾಗವು ನಮ್ಮ ಮನೆಯ ಹಜಾರದಲ್ಲಿಯೇ ನಡೆದುಹೋಗಿರುವುದರಿಂದ, ಅದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದೆವು.

ಮೈಸೂರಿನಲ್ಲಿ ನೆಲೆಸಿರುವ ನಮ್ಮ ಮನೆಯಲ್ಲಿ ಐವರು: ನಾವು ದಂಪತಿಗಳು, ಇಬ್ಬರು ಮಕ್ಕಳು, ಮತ್ತು ಎಂಬತ್ತರ ಹತ್ತಿರ ಬಂದಿರುವ ನಮ್ಮ ತಾಯಿಯವರು. ಡಿಸೆಂಬರಿನ ರಜೆಯಲ್ಲಿ ಸಮುದ್ರದ ನಡುವಿನ ಯಾವುದಾದರೂ ದ್ವೀಪಕ್ಕೆ ಹೋಗಬೇಕೆಂದು ಮಕ್ಕಳು ಹಟ ಹಿಡಿದರು. ನೀಲಿಯ ನೀರು, ಹಾಲಿನಂಥ ಮರಳು, ನೀರಿನ ಕಡೆಗೆ ಬಾಗಿದ ತೆಂಗಿನ ಮರಗಳು—ಇವುಗಳ ಚಿತ್ರಗಳನ್ನು ಎಲ್ಲಿಂದಲೋ ತಂದು ನಮ್ಮ ಮುಂದೆ ಹರಡಿದರು. ಬಹಳ ಚರ್ಚೆಯಾದ ಮೇಲೆ ಲಕ್ಷದ್ವೀಪವೆಂದು ನಿಶ್ಚಯವಾಯಿತು. ನಾಲ್ವರಿಗೆ, ಏಳು ದಿನಗಳಿಗೆ ಲೆಕ್ಕ ಹಾಕಿದೆವು. ತಾಯಿಯವರನ್ನು ಆ ವಾರ ಶಿವಮೊಗ್ಗೆಯಲ್ಲಿ ತಂಗಿಯ ಮನೆಯಲ್ಲಿ ಬಿಡುವುದೆಂದು, ಅವರನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದೆವು. ಇದರಲ್ಲಿ ಅನಾದರವೇನೂ ಇರಲಿಲ್ಲ. ಎರಡು ವರ್ಷಗಳ ಹಿಂದೆ ಅವರಿಗೆ ಹೃದಯದ ಬೇನೆ ಕಾಣಿಸಿಕೊಂಡಿತ್ತು. ಮೊಣಕಾಲಿನ ನೋವಂತೂ ಹಳೆಯದು. ಇಂಥವರು ಕಡಲನ್ನು ದಾಟಬಯಸಿಯಾರೆಂಬ ಯೋಚನೆಯೇ ನಮಗೆ ಬರಲಿಲ್ಲ.

ಒಂದು ಸಂಜೆ ಮಗಳು ಭೂಪಟವನ್ನು ಹಿಡಿದುಕೊಂಡು ದ್ವೀಪಗಳ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು: ಅಗತ್ತಿ, ಕವರತ್ತಿ, ಕಡಮತ್, ಅಮಿನಿ. ಬತ್ತಿ ಹೊಸೆಯುತ್ತ ಕುಳಿತಿದ್ದ ತಾಯಿಯವರು ಕೈಯನ್ನು ನಿಲ್ಲಿಸಿ, "ಅಮಿನಿಯೇ? ಅಮಿನಿಯವರ ಓಡಗಳು ನಮ್ಮ ಬಂದರಿಗೆ ಬರುತ್ತಿದ್ದವಲ್ಲ, ಮಾರಾಯ!" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಾವು ಈ ಮಾತನ್ನು ಕೇಳಿದುದು ಅದೇ ಮೊದಲು.

ತಾಯಿಯವರು ಹುಟ್ಟಿ ಬೆಳೆದುದು ಮಂಗಳೂರಿನ ಹಳೆಯ ಬಂದರಿನ ಸಮೀಪದಲ್ಲಿ. ಅವರ ತಂದೆಯವರಿಗೆ ಅಲ್ಲಿ ಅಕ್ಕಿಯ ಮಂಡಿಯಿತ್ತು. ನೂಲಹುಣ್ಣಿಮೆ ಕಳೆದು ಕಡಲು ಶಾಂತವಾದ ಮೇಲೆ ದ್ವೀಪದವರ ಹಾಯಿದೋಣಿಗಳು ಅಳಿವೆಯನ್ನು ದಾಟಿ ಒಳಗೆ ಬರುತ್ತಿದ್ದುವಂತೆ. ತೆಂಗಿನ ನಾರಿನ ಹುರಿ, ಕಾಯಿ, ಒಣಮೀನು—ಇವು ಇಳಿಯುವವು. ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥಗಳು ಏರುವವು. ಆ ದೋಣಿಯವರಲ್ಲಿ ಒಬ್ಬ ಮುದುಕನಿದ್ದನು. ಮನೆಯವರೆಲ್ಲ ಅವನನ್ನು ಅಮಿನಿಯ ಕಾಕನೆಂದು ಕರೆಯುತ್ತಿದ್ದರು. ಒಂಬತ್ತು ವರ್ಷದ ಹುಡುಗಿಯ ಕೈಗೆ ಅವನು ಒಂದು ಹಿಡಿ ಕವಡೆಗಳನ್ನು ಕೊಟ್ಟು, "ಮಳೆ ಕಳೆದ ಮೇಲೆ ಒಮ್ಮೆ ನಮ್ಮೂರಿಗೆ ಬಾ, ಮಗಳೇ" ಎಂದು ಕರೆದನಂತೆ. ಹುಡುಗಿಯು ಹೋಗುವೆನೆಂದು ಹೊರಟಳು, ಹಿರಿಯರು ನಕ್ಕರು. ಮುಂದೆ ಮದುವೆ, ಘಟ್ಟದ ಮೇಲಣ ಸಂಸಾರ, ಮಕ್ಕಳು, ಮೊಮ್ಮಕ್ಕಳು. ಕಾಕನ ಕರೆಯು ಹಾಗೆಯೇ ಉಳಿಯಿತು.

ಇದು ಮುದುಕಿಯ ಕನವರಿಕೆಯಲ್ಲವೆಂದು ಇತಿಹಾಸವೂ ಹೇಳುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪೂ ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲಿಷರ ಕಂಪೆನಿಗೆ ಸೇರಿ, ಮಂಗಳೂರಿನಿಂದಲೇ ಆಳಲ್ಪಟ್ಟವು. ಅಲ್ಲಿಯ ನಾರಿನ ಹುರಿಯನ್ನು ಸರಕಾರವೇ ಕೊಂಡು, ಬದಲಿಗೆ ಅಕ್ಕಿಯನ್ನು ಕೊಡುವ ಪದ್ಧತಿಯು ಬಹುಕಾಲ ನಡೆಯಿತು. 1956ನೆಯ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಆ ಜಿಲ್ಲೆಯಿಂದ ಬೇರ್ಪಟ್ಟ ಈ ದ್ವೀಪಗಳು ಉಳಿದ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ. ಹೀಗೆ ನಾವು ಪರಸ್ಥಳವೆಂದು ತಿಳಿದಿದ್ದ ಊರು ನಮ್ಮ ತಾಯಿಯವರ ಬಾಲ್ಯದಲ್ಲಿ ಅವರದೇ ಜಿಲ್ಲೆಗೆ ಸೇರಿದುದಾಗಿತ್ತು! ಇಷ್ಟು ತಿಳಿದ ಮೇಲೆ, ನಾಲ್ವರ ಲೆಕ್ಕದ ಕಾಗದವನ್ನು ಮಡಚಿ ಒಳಗಿಟ್ಟೆವು.

ಆದರೆ ಮನಸ್ಸು ಕರಗಿದ ಮಾತ್ರಕ್ಕೆ ದಾರಿಯು ಸುಗಮವಾಗುವುದಿಲ್ಲ. "ಅತ್ತೆಯವರಿಗೆ ಅಲ್ಲಿ ಏನಾದರೂ ಆದರೆ ಯಾರನ್ನು ಕೇಳುವುದು?" ಎಂದು ನಮ್ಮ ಮನೆಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ದ್ವೀಪಗಳಲ್ಲಿ ಆಸ್ಪತ್ರೆಗಳಿದ್ದರೂ ರೋಗವು ಉಲ್ಬಣವಾದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುವುದು. ಹವೆಯು ಕೆಟ್ಟಿದ್ದರೆ ಅದಕ್ಕೂ ಅಡ್ಡಿ. ಆದಕಾರಣ ಮೊದಲು ವೈದ್ಯರನ್ನು ಕಂಡೆವು. ಅವರು ಪರೀಕ್ಷಿಸಿ, ಪ್ರಯಾಣ ಕೂಡದೆನ್ನಲಿಲ್ಲ, ಷರತ್ತುಗಳನ್ನು ಹಾಕಿದರು. ಏರುವ ಇಳಿಯುವ ಶ್ರಮ ಕೂಡದು. ಮಧ್ಯಾಹ್ನದ ಬಿಸಿಲು ಕೂಡದು. ಔಷಧಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಚೀಲಗಳಲ್ಲಿಡಬೇಕು. ಆಸ್ಪತ್ರೆಯಿರುವ ದ್ವೀಪದಲ್ಲಿಯೇ ತಂಗಬೇಕು.

ಈ ಷರತ್ತುಗಳನ್ನು ಕೈಯಲ್ಲಿ ಹಿಡಿದು ದಾರಿಗಳನ್ನು ತೂಗಿ ನೋಡಿದೆವು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪವನ್ನನುಸರಿಸಿ 14ರಿಂದ 18 ಗಂಟೆಗಳ ಪ್ರಯಾಣ. ಮಕ್ಕಳಿಗೆ ಹಡಗಿನ ಮೇಲೆಯೇ ಆಸೆ. ಆದರೆ ಅನೇಕ ಕಡೆಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗಲಾರದು. ಹವಳದ ದಿಬ್ಬದ ಹೊರಗೆ ನಿಂತುಬಿಡುವುದು. ಪ್ರಯಾಣಿಕರು ಅಲೆಯ ಮೇಲೆ ಏರಿಳಿಯುವ ಸಣ್ಣ ದೋಣಿಗೆ ಹೆಜ್ಜೆಯಿಟ್ಟು ಇಳಿಯಬೇಕು. ಮೊಣಕಾಲು ನೋವಿನವರಿಗೆ ಇದು ಸಲ್ಲದು. ಇನ್ನುಳಿದುದು ವಿಮಾನ. ಕೊಚ್ಚಿಯಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಅದು ಅಗತ್ತಿಗೆ ಇಳಿಯುವುದು. ಅಗತ್ತಿಯು ಸುಮಾರು 7 ಕಿಲೋಮೀಟರು ಉದ್ದದ, 4 ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ದ್ವೀಪ. ವಿಮಾನವು ಇಳಿಯುವ ಪಟ್ಟಿಯು ಅದರ ದಕ್ಷಿಣದ ತುದಿಯಲ್ಲಿದೆ. ಊರಿನಲ್ಲಿ ಆಸ್ಪತ್ರೆಯೂ ಇದೆ.

ಆದರೆ ಅಗತ್ತಿಯು ಅಮಿನಿಯಲ್ಲ. ಅಮಿನಿಗೆ ಹೋಗಬೇಕಾದರೆ ಅಲ್ಲಿಂದ ಮತ್ತೆ ಕಡಲಮೇಲೆ ಹಾಯಬೇಕು. ಈ ಮಾತನ್ನು ತಾಯಿಯವರಿಗೆ ಹೇಗೆ ತಿಳಿಸುವುದೆಂದು ಎರಡು ದಿನ ಒದ್ದಾಡಿದೆವು. ಕೊನೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮಿನಿಯನ್ನೇ ಮುಟ್ಟಬೇಕೆಂದು ನನಗೆ ಹಟವಿಲ್ಲ, ಮಗ. ಕಾಕ ಬಂದ ಕಡಲನ್ನು ಆಚೆಯ ದಡದಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು" ಎಂದರು. ನಮ್ಮ ಮನೆಯವರು ಮತ್ತೆ ಆರೋಗ್ಯದ ಮಾತನ್ನೆತ್ತಿದಾಗ, "ಇಲ್ಲಿಯೇ ಕುಳಿತಿದ್ದರೆ ಏನೂ ಆಗದೆಂದು ಯಾರಾದರೂ ಬರೆದುಕೊಟ್ಟಿರುವರೇನಮ್ಮ?" ಎಂದು ನಕ್ಕರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಮುಂದೆ ಸಂಜೆಯ ಹೊತ್ತು ಎಲ್ಲರೂ ಒಟ್ಟಿಗೆ ಕುಳಿತು ಆ ದ್ವೀಪಗಳ ವಿಷಯವನ್ನು ಓದುವುದು ರೂಢಿಯಾಯಿತು. ಹೆಸರಿನಲ್ಲಿ ಲಕ್ಷವಿದ್ದರೂ ದ್ವೀಪಗಳೆಂದು ಎಣಿಸುವುದು 36. ಜನವಸತಿಯುಳ್ಳವು 10 ಮಾತ್ರ. ಒಟ್ಟು ನೆಲವು 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆಯು 64,473. ನೆಲವು ಕಡಲಿನಿಂದ ಕೆಲವೇ ಮೀಟರುಗಳಷ್ಟು ಎತ್ತರ. ಬೆಟ್ಟವಿಲ್ಲ, ನದಿಯಿಲ್ಲ. ಮಿನಿಕಾಯ್ ಒಂದನ್ನುಳಿದು ಮಿಕ್ಕೆಡೆಗಳಲ್ಲಿ ಮಲೆಯಾಳದ ಒಂದು ಉಪಭಾಷೆಯನ್ನು ಆಡುವರು. ಮಿನಿಕಾಯಿಯವರ ಮಾತು ಮಾಲ್ದೀವದವರ ಮಾತಿಗೆ ಹತ್ತಿರವಾದುದು. ಜನರು ಬಹುತೇಕ ಇಸ್ಲಾಂ ಮತದವರು. ಊರೊಳಗೆ ನಡೆಯುವಾಗ ಮೈತುಂಬ ಉಟ್ಟಿರಬೇಕಾದುದು ಅತಿಥಿಯ ಮರ್ಯಾದೆ.

ಈ ನೆಲವು ಉಂಟಾದ ಬಗೆಯು ಮಕ್ಕಳಿಗೆ ಕಥೆಗಿಂತ ಹೆಚ್ಚು ಹಿಡಿಸಿತು. ಕಡಲಿನಲ್ಲಿ ಮುಳುಗುತ್ತಿರುವ ಹಳೆಯ ಜ್ವಾಲಾಮುಖಿಯ ಸುತ್ತ ಹವಳದ ಹುಳುಗಳು ಗೂಡು ಕಟ್ಟುವವು. ಬೆಟ್ಟವು ಇಳಿದಂತೆಲ್ಲ ಅವು ಬೆಳಕಿಗಾಗಿ ಮೇಲೆ ಮೇಲೆ ಕಟ್ಟುತ್ತ ಹೋಗುವವು. ಕೊನೆಗೆ ಬೆಟ್ಟವು ಪೂರ್ತಿ ಮುಳುಗಿ, ಹವಳದ ಬಳೆಯೊಂದೇ ಉಳಿಯುವುದು. ಬಳೆಯ ಒಳಗಿನ ನಿಶ್ಚಲ ನೀರೇ ಚಿತ್ರಗಳಲ್ಲಿ ಕಾಣುವ ಆ ತಿಳಿನೀಲಿಯ ಕೊಳ. 1842ರಲ್ಲಿ ಪ್ರಕಟವಾದ ಡಾರ್ವಿನ್ನನ ಗ್ರಂಥದಲ್ಲಿ ಈ ವಿವರಣೆಯುಂಟು. ಹವಳವು ಪುಡಿಯಾದುದೇ ಅಲ್ಲಿಯ ಬಿಳಿಯ ಮರಳು. ಹೊರಗಡಲಿನ ತೆರೆಗಳನ್ನು ಮುರಿದು ಊರನ್ನು ಕಾಯುವ ಕೋಟೆಯೂ ಆ ಹವಳದ ದಿಬ್ಬವೇ. ಆದರೆ ನೀರು ಮಿತಿಮೀರಿ ಬಿಸಿಯಾದರೆ ಹವಳವು ತನ್ನೊಳಗೆ ವಾಸಿಸುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುವುದು. ಬಿಸಿಯು ಬಹುದಿನ ನಿಂತರೆ ಸಾಯುವುದು. 1998, 2010, 2016, 2024ರ ವರ್ಷಗಳಲ್ಲಿ ಲಕ್ಷದ್ವೀಪದ ಹವಳಕ್ಕೆ ಈ ವಿಪತ್ತು ಬಂದಿತು. ಆದುದರಿಂದ ಚಿತ್ರದಲ್ಲಿ ಕಂಡ ಬಣ್ಣವೆಲ್ಲ ಕಣ್ಣಿಗೆ ಬಿದ್ದೇ ತೀರುವುದೆಂದು ನಂಬಿ ಹೋಗಬಾರದು. ಹವಳದ ತುಣುಕನ್ನು ಹೆಕ್ಕಿ ತರುವುದಕ್ಕೆ ಕಾನೂನಿನ ನಿಷೇಧವಿದೆ. ಇಲ್ಲದಿದ್ದರೂ, ಊರಿನ ಕೋಟೆಯ ಕಲ್ಲನ್ನು ಅತಿಥಿಯು ಕದಿಯಬಹುದೇ?

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಯೋಚನೆಗೀಡುಮಾಡಿದುದು ಕುಡಿಯುವ ನೀರು. ಬಿದ್ದ ಮಳೆಯು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುವುದು. ಬಾವಿಯಲ್ಲಿ ಸಿಕ್ಕುವುದು ಈ ಸಿಹಿನೀರು. ಹೆಚ್ಚಾಗಿ ಸೇದಿದರೆ ಕೆಳಗಿನ ಉಪ್ಪುನೀರು ಮೇಲೇರಿ ಬಾವಿಯೇ ಕೆಡುವುದು. ಈ ಕಷ್ಟವನ್ನು ನೀಗಲು ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ 1 ಲಕ್ಷ ಲೀಟರು ನೀರನ್ನು ಕೊಡುವ ಸ್ಥಾವರವನ್ನು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಟ್ಟಿದರು. ಮೇಲಣ ಬೆಚ್ಚನೆಯ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ಸೇದಿದ ತಣ್ಣೀರಿನ ಸಹಾಯದಿಂದ ಆ ಆವಿಯನ್ನು ಮತ್ತೆ ನೀರಾಗಿಸುವುದು ಅದರ ಕ್ರಮ. ಇಷ್ಟು ಪ್ರಯಾಸದಿಂದ ಸಿಕ್ಕುವ ನೀರನ್ನು ನಲ್ಲಿ ತಿರುಗಿಸಿಟ್ಟು ಹರಿಯಬಿಡುವುದು ಸಲ್ಲದೆಂದು, ದಿನಕ್ಕೆ ಒಬ್ಬೊಬ್ಬರಿಗೆ ಒಂದೇ ಬಕೇಟಿನ ಸ್ನಾನವೆಂದು ನಿಯಮ ಮಾಡಿಕೊಂಡಿರುವೆವು. ಅದರ ಅಭ್ಯಾಸವನ್ನು ಈಗಲೇ ಮನೆಯಲ್ಲಿ ಆರಂಭಿಸಿರುವುದು ಮಗನಿಗೆ ಅಷ್ಟು ಸಮಾಧಾನವಿಲ್ಲ.

ಊಟದ ವಿಚಾರವೂ ಹೀಗೆಯೇ. ಅಲ್ಲಿಯ ಮುಖ್ಯ ಆಹಾರವು ಅನ್ನ, ತೆಂಗು ಮತ್ತು ಸೂರೆಮೀನು. ನಾವು ಸಸ್ಯಾಹಾರಿಗಳು. ತರಕಾರಿಯು ಬಹುಮಟ್ಟಿಗೆ ಕಡಲನ್ನು ದಾಟಿ ಬರಬೇಕಾದುದು. ನಮ್ಮೊಬ್ಬರ ನಾಲಗೆಗಾಗಿ ಅವರನ್ನು ಪೀಡಿಸುವುದೇಕೆಂದು ಅವಲಕ್ಕಿ, ಚಟ್ನಿಪುಡಿ, ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಡಬ್ಬಿಗಳು ಸಿದ್ಧವಾಗುತ್ತಿವೆ. ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ಒಯ್ದುದನ್ನೆಲ್ಲ ಹಿಂದಕ್ಕೆ ತರುವುದೆಂದೂ ಗೊತ್ತುಮಾಡಿರುವೆವು; 32 ಚದರ ಕಿಲೋಮೀಟರು ನೆಲದಲ್ಲಿ ಕಸಕ್ಕೆ ಜಾಗವೆಲ್ಲಿ?

ಹೊರಡುವವರು ಕಾಲವನ್ನೂ ನೋಡಬೇಕು. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆಗಾಳಿಯಿಂದ ಕಡಲು ಕೆರಳಿರುವುದು. ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಯೋಗ್ಯ ಕಾಲ. ದ್ವೀಪದವರಲ್ಲದವರು ಒಳಗೆ ಹೋಗಬೇಕಾದರೆ ಮೊದಲೇ ಪರವಾನಗಿಯನ್ನು ಪಡೆಯಬೇಕು. 1967ರ ನಿಯಮಗಳು ಇದನ್ನು ವಿಧಿಸಿರುವವು. ಆದುದರಿಂದ ಟಿಕೇಟಿನ ಹಣವನ್ನು ಕಟ್ಟುವ ಮುಂಚೆಯೇ ಅರ್ಜಿಯ ಕೆಲಸವನ್ನು ಕೈಗೆತ್ತಿಕೊಳ್ಳುವುದು ಮೇಲು.

ಈಗ ನಮ್ಮ ಲೆಕ್ಕವು ಹೀಗಿದೆ. ಐವರಿಗೆ ವಿಮಾನದ ವೆಚ್ಚವು ಹೆಚ್ಚಾದುದರಿಂದ ಏಳು ದಿನಗಳು ನಾಲ್ಕಕ್ಕಿಳಿದವು. ಮಕ್ಕಳು ಹಡಗನ್ನು ಬಿಟ್ಟುಕೊಟ್ಟರು. ಮನೆಯವರು ಈ ವರ್ಷಕ್ಕೆಂದು ಇಟ್ಟಿದ್ದ ಹೊಸ ಬೀರುವಿನ ಹಣವನ್ನು ತೆಗೆದುಕೊಟ್ಟರು. ತಾಯಿಯವರು ಅಮಿನಿಯನ್ನು ಬಿಟ್ಟುಕೊಟ್ಟರು. ನಾವು, ಎಲ್ಲವನ್ನೂ ನಾವೇ ನಿಶ್ಚಯಿಸಬಲ್ಲೆವೆಂಬ ಗರ್ವವನ್ನು ಬಿಟ್ಟೆವು. ಪ್ರವಾಸದಿಂದ ನಮಗೇನು ಸಿಕ್ಕೀತೆಂದು ಎಣಿಸುತ್ತ ಆರಂಭಿಸಿದ ಮಾತುಕತೆಯು, ಯಾರಿಗಾಗಿ ಯಾರು ಏನನ್ನು ಬಿಡಬಲ್ಲರೆಂಬಲ್ಲಿಗೆ ಬಂದು ಮುಟ್ಟಿತು. ಮನೆಯವರೆಲ್ಲ ಕೂಡಿ ಕೈಗೊಳ್ಳುವ ಯಾತ್ರೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆಯು ಬೇರೊಂದಿರಲಾರದು. ಊರಲ್ಲಿ ಹಿರಿಯರನ್ನು ಬಿಟ್ಟು ಹೊರಡುವವರು, ಬಿಡುವ ಮುನ್ನ ಅವರನ್ನೊಮ್ಮೆ ಕೇಳಿ ನೋಡಲೆಂದು ನಮ್ಮ ಪ್ರಾರ್ಥನೆ. ಬೇಡವೆಂದರೆ ಬೇಡ, ಆದರೆ ಕೇಳದೆ ಇರಬಾರದು.

ಗಾಜಿನ ತಳದ ದೋಣಿಯಲ್ಲಿ ಕುಳಿತು ಕಾಲು ನೆನೆಯದಂತೆ ಹವಳವನ್ನು ನೋಡಬಹುದೆಂದು ಮೊಮ್ಮಗಳು ಅಜ್ಜಿಗೆ ದಿನಕ್ಕೊಮ್ಮೆ ಹೇಳುತ್ತಿರುವಳು. ಅಜ್ಜಿಯು ಹಳೆಯ ಪೆಟ್ಟಿಗೆಯಿಂದ ಆರು ಕವಡೆಗಳನ್ನು ತೆಗೆದು ಔಷಧದ ಚೀಲದಲ್ಲಿಟ್ಟಿರುವರು. ಏತಕ್ಕೆಂದು ನಾವು ಕೇಳಲಿಲ್ಲ. ಪರವಾನಗಿಯ ಕಾಗದವು ನಿನ್ನೆ ಕೈಸೇರಿತು. ಅದರಲ್ಲಿ ಐದು ಹೆಸರುಗಳಿವೆ.