ಮಡಿಸಿದ ಹಾಳೆ, ಶಾಯಿಯ ಹನಿ

ಅರಸೀಕೆರೆಯಲ್ಲಿ ನನ್ನ ಬಳಿ ಗಣಿತ ಕಲಿತವರಿಗೆ ಈ ಆಟದ ನೆನಪು ಇದ್ದೀತು. ಹಾಳೆಯನ್ನು ನಡುವೆ ಮಡಿಸಿ ಬಿಡಿಸುವುದು, ಗೆರೆಯ ಪಕ್ಕದಲ್ಲಿ ಪೆನ್ನಿನಿಂದ ಎರಡು ಮೂರು ಹನಿ ಶಾಯಿ ಒದರುವುದು, ಮತ್ತೆ ಮಡಿಸಿ ಅಂಗೈಯಿಂದ ಒತ್ತುವುದು. ಬಿಡಿಸಿದರೆ ಚಿಟ್ಟೆಯೋ ಬಾವಲಿಯೋ ರೆಕ್ಕೆ ಹರಡಿರುತ್ತಿತ್ತು. ಮಡಿಕೆಯ ಗೆರೆಯೇ ಸಮಮಿತಿಯ ಅಕ್ಷವೆಂದು ಹೇಳಲು ಕಪ್ಪು ಹಲಗೆಗಿಂತ ಅದೇ ಸುಲಭವಾಗಿತ್ತು.

ಮುಂದಿನ ಪಾಠಕ್ಕೆ ನಮ್ಮೂರಿನ ಈಶ್ವರ ದೇವಾಲಯವೇ ಇತ್ತು. ಸುಮಾರು 1220ರ ಈ ಹೊಯ್ಸಳ ಗುಡಿಯ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಕಾಗದವನ್ನು ಕೇಂದ್ರದ ಮೂಲಕ ನಾಲ್ಕು ಸಲ ಮಡಿಸಿ ಓರೆಯಾಗಿ ಕತ್ತರಿಸಿದರೆ 8 ಮೂಲೆಗಳ ನಕ್ಷತ್ರ ಬರುತ್ತದೆ. ಹದಿನಾರಕ್ಕೆ ಐದನೆಯ ಮಡಿಕೆ ಬೇಕು. ಅಷ್ಟರಲ್ಲಿ ಕಾಗದ ದಪ್ಪವಾಗಿ ಕತ್ತರಿಯ ಮಾತು ಕೇಳುತ್ತಿರಲಿಲ್ಲ. ಕಲ್ಲಿನಲ್ಲಿ ಅದನ್ನು ಸಾಧಿಸಿದವರ ಕುಶಲತೆ ಮಕ್ಕಳಿಗೆ ಆಗ ತಾನಾಗಿಯೇ ಹೊಳೆಯುತ್ತಿತ್ತು.

ಹಳೇಬೀಡಿಗೆ ಪ್ರವಾಸ ಹೋದಾಗ ಇನ್ನೊಂದು ಮಾತು ತಿಳಿಯುತ್ತಿತ್ತು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಜೋಡಿ ಗರ್ಭಗುಡಿಗಳು, ಎದುರಿಗೆ ಎರಡು ನಂದಿಮಂಟಪಗಳು. ಮಡಿಸಿದ ಹಾಳೆಯೇ ಸರಿ ಎನಿಸುತ್ತದೆ. ಆದರೆ ದಕ್ಷಿಣದ ನಂದಿಯ ಹಿಂದೆ ಸೂರ್ಯನ ಗುಡಿಯಿದೆ, ಉತ್ತರದ ನಂದಿಯ ಹಿಂದೆ ಇಲ್ಲ. ಶಾಯಿಗೆ ಎರಡು ಬದಿಯೂ ಒಂದೇ ಗಳಿಗೆಯ ಕೆಲಸ, ಶಿಲ್ಪಿಗೆ ಹಾಗಲ್ಲ. ಬೇಲೂರಿನ ದರ್ಪಣ ಸುಂದರಿಯ ಕನ್ನಡಿಯೊಂದಿಗೆ ಈ ಮಾತನ್ನು ಜೋಡಿಸಿ ಹೇಳುವುದು ನನ್ನ ರೂಢಿಯಾಗಿತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕೆಲವು ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಅದನ್ನೇ ನೆನೆದರು.

ಶಾಯಿಯ ಕಲೆಗೆ ಗಂಭೀರವಾದ ಚರಿತ್ರೆಯೂ ಉಂಟು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಷಾಕ್ 1921ರಲ್ಲಿ ಇಂಥ 10 ಚಿತ್ರಗಳನ್ನು ಪ್ರಕಟಿಸಿದರು. ರೋಗಿಯು ಅವುಗಳಲ್ಲಿ ಏನು ಕಾಣುತ್ತಾನೆ, ಹೇಗೆ ಕಾಣುತ್ತಾನೆ ಎಂಬುದರಿಂದ ಮನಸ್ಸನ್ನು ಅರಿಯುವುದು ಅವರ ಉದ್ದೇಶ. ಮರುವರ್ಷವೇ, ತಮ್ಮ 37ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬಿ.ಎಡ್. ತರಗತಿಯಲ್ಲಿ ಇದನ್ನು ಓದಿದ್ದ ನಮಗೆಲ್ಲ ಮಕ್ಕಳನ್ನು ಅಳೆಯುವ ಚಪಲವಿತ್ತು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಾಯಿ ಬಿಡುವವಳೇ ಅಲ್ಲ. ಎಲ್ಲರೂ ಚಿಟ್ಟೆ ಎಂದಾಗ ಆಕೆ, 'ಬಾವಿಕಟ್ಟೆಯ ಹತ್ತಿರ ಇಬ್ಬರು ಹೆಂಗಸರು, ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದಾರೆ ಸಾರ್' ಎಂದಳು. ಸಹೋದ್ಯೋಗಿಯೊಬ್ಬರು ಅವಳ ಮನೆಯಲ್ಲಿ ಜಗಳವಿರಬೇಕು, ಮನಸ್ಸು ಸರಿಯಿಲ್ಲ ಎಂದು ಅಲ್ಲೇ ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ. ತರಬೇತಿ ಪಡೆದವರು ಎಚ್ಚರದಿಂದ ಮಾಡುವ ಕೆಲಸ ಅದು. ಅವರಲ್ಲಿಯೂ ಆ ಪರೀಕ್ಷೆಯ ಬಗ್ಗೆ ಒಮ್ಮತವಿಲ್ಲ. ಶಾಲೆಯಲ್ಲಿ ಅಂಟಿದ ಹಣೆಪಟ್ಟಿಯಂತೂ ಶಾಯಿಗಿಂತ ಗಟ್ಟಿ, ತೊಳೆದರೂ ಹೋಗದು.

'ಆ ಇಬ್ಬರ ಕಥೆಯನ್ನು ಬರೆದು ತಾರಮ್ಮ' ಎಂದೆ. ನಾಲ್ಕು ಸಾಲಿಗೆ ತಡವರಿಸುತ್ತಿದ್ದವಳು ನಾಲ್ಕು ಪುಟ ಬರೆದು ತಂದಳು. ಅದು ನಿಜವೋ ಕಲ್ಪನೆಯೋ ನಾನು ಕೇಳಲಿಲ್ಲ. ಹಾಳೆಯ ಮೇಲೆ ಆ ಇಬ್ಬರೂ ಒಂದೇ ಅಚ್ಚು. ಅವಳ ಬರವಣಿಗೆಯಲ್ಲಿ ಮಾತ್ರ ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಅದನ್ನು ತಿಳಿದೂ ತಿರುಗಿ ನೋಡಲಾರದೆ ನಿಂತಿದ್ದಳು.

ಅಂದಿನಿಂದ ಪ್ರತಿ ತಿಂಗಳು ಒಂದು ಕಥೆ ನನ್ನ ಮೇಜಿಗೆ ಬರತೊಡಗಿತು. ತಿದ್ದಿದ್ದು ಕಾಗುಣಿತವನ್ನು ಮಾತ್ರ.